ಅರ್ಜಿಯಿಂದ ಮೊದಲ ಬಿಲ್ಲಿನವರೆಗೆ: ಹೊಸ ನಳ ಸಂಪರ್ಕದ ಕೆಲಸಗಳ ನಿರ್ವಹಣೆ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಒಂದು ಮನೆಗೆ ನಳ ಸಂಪರ್ಕ ದೊರೆಯಿತು ಎಂದು ಯಾವ ದಿನ ಹೇಳತಕ್ಕದ್ದು? ಈ ಪ್ರಶ್ನೆಗೆ ಪಂಚಾಯಿತಿಯ ವ್ಯಾಪ್ತಿಯಲ್ಲಿಯೇ ನಾಲ್ಕು ಉತ್ತರಗಳು ದೊರೆಯುತ್ತವೆ. ಗುತ್ತಿಗೆದಾರನ ಲೆಕ್ಕದಲ್ಲಿ ಅಂಗಳಕ್ಕೆ ಪೈಪು ಬಂದ ದಿನವೇ ಆ ದಿನ. ಡಾಟಾ ಎಂಟ್ರಿ ಆಪರೇಟರರ ಲೆಕ್ಕದಲ್ಲಿ ಗಣಕಯಂತ್ರದಲ್ಲಿ ನಮೂದಾದ ದಿನ. ಕರವಸೂಲಿಗಾರರ ಲೆಕ್ಕದಲ್ಲಿ ಮೊದಲ ಬಿಲ್ಲು ಹರಿದ ದಿನ. ಮನೆಯ ಹೆಣ್ಣುಮಗಳ ಲೆಕ್ಕದಲ್ಲಿ ಮಾತ್ರ, ಬಾವಿಗೂ ಬೋರ್‌ವೆಲ್ಲಿಗೂ ಹೋಗದೆ ಅಂಗಳದಲ್ಲಿಯೇ ಕೊಡ ತುಂಬಿದ ದಿನ. ಈ ನಾಲ್ಕು ದಿನಾಂಕಗಳು ಒಂದೇ ವಾರದೊಳಗೆ ಬಿದ್ದರೆ ಕೆಲಸ ಸುಸೂತ್ರವಾಗಿ ನಡೆದಿದೆ ಎಂದರ್ಥ. ಅವುಗಳ ನಡುವೆ ತಿಂಗಳುಗಳ ಅಂತರವಿದ್ದರೆ ಆ ಅಂತರದಲ್ಲಿ ಏನು ನಡೆಯಿತು, ಯಾರ ಬಳಿ ಕೆಲಸ ನಿಂತಿತ್ತು ಎಂಬುದನ್ನು ತೋರಿಸುವ ದಾಖಲೆ ಪಂಚಾಯಿತಿಯಲ್ಲಿ ಇರಬೇಕು. ಅಂತಹ ದಾಖಲೆಯನ್ನು ಇಡುವ ಕ್ರಮವೇ ಈ ಉಪನ್ಯಾಸದ ವಿಷಯ.

ಹಿನ್ನೆಲೆ

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳ ಪೈಕಿ ಸುಮಾರು 3.23 ಕೋಟಿ ಮನೆಗಳಿಗೆ, ಎಂದರೆ ಶೇಕಡ 17ರಷ್ಟಕ್ಕೆ ಮಾತ್ರ ನಳ ಸಂಪರ್ಕವಿತ್ತು. 2025ರ ಹೊತ್ತಿಗೆ ಆ ಸಂಖ್ಯೆ 15 ಕೋಟಿಯನ್ನು ದಾಟಿತು. ಕರ್ನಾಟಕದಲ್ಲಿ ಈ ಕಾರ್ಯಕ್ರಮ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರಿಗೆ ಕಡಿಮೆಯಿಲ್ಲದಂತೆ ಶುದ್ಧ ನೀರು ನಿಯಮಿತವಾಗಿ ದೊರೆಯಬೇಕೆಂಬುದು ಇದರ ಗುರಿ. 2025ರ ಕೇಂದ್ರ ಮುಂಗಡಪತ್ರದಲ್ಲಿ ಮಿಷನ್ನಿನ ಅವಧಿಯನ್ನು 2028ರವರೆಗೆ ವಿಸ್ತರಿಸಲಾಯಿತು.

ದೊಡ್ಡ ಕಾಮಗಾರಿಗೆ ಆರಂಭವೂ ಮುಕ್ತಾಯವೂ ಉಂಟು. ಗುತ್ತಿಗೆದಾರನು ಒಂದು ದಿನ ಸಾಮಗ್ರಿ ಕಟ್ಟಿಕೊಂಡು ಹೊರಡುತ್ತಾನೆ. ಆದರೆ ಹೊಸ ಮನೆಗಳು ಸೇರುವುದು ನಿಲ್ಲುವುದಿಲ್ಲ. ಅಣ್ಣತಮ್ಮಂದಿರು ಹಿಸ್ಸೆಯಾಗಿ ಬೇರೆ ಒಲೆ ಹೂಡುತ್ತಾರೆ. ವಸತಿ ಯೋಜನೆಯಲ್ಲಿ ಮನೆ ಏಳುತ್ತದೆ. ತಾಂಡಾದ ಅಂಚಿನಲ್ಲಿ ಹೊಸ ಸಾಲು ಬೆಳೆಯುತ್ತದೆ. ಹೀಗೆ ಒಂದೊಂದಾಗಿ ಬರುವ ಮನೆಗಳನ್ನು ನೀರಿನ ವ್ಯವಸ್ಥೆಗೆ ಸೇರಿಸಿಕೊಳ್ಳುವ ಹೊಣೆ ಗ್ರಾಮ ಪಂಚಾಯಿತಿಯದು. ಒಮ್ಮೆಗೆ ಮುನ್ನೂರು ಮನೆಗಳಿಗೆ ಪೈಪು ಹಾಕಿದ ಕಾಮಗಾರಿಗೆ ಕಡತವಿರುತ್ತದೆ, ಅಳತೆ ಪುಸ್ತಕವಿರುತ್ತದೆ. ಮುನ್ನೂರ ಒಂದನೆಯ ಮನೆಯ ಅರ್ಜಿಗೆ ಅನೇಕ ಕಡೆ ಬಾಯಿಮಾತೇ ಆಧಾರ. ಅರ್ಜಿಗೆ ಒಂದು ದಾಖಲೆ, ಬಿಲ್ಲಿಗೆ ಇನ್ನೊಂದು ದಾಖಲೆ ಇರಬಹುದು. ನಡುವಿನ ಕೆಲಸವೆಲ್ಲ ದೂರವಾಣಿ ಕರೆಯಲ್ಲಿಯೂ ವಾಟ್ಸ್ಆ್ಯಪ್ ಸಂದೇಶದಲ್ಲಿಯೂ ಕಳೆದುಹೋಗುತ್ತದೆ.

ಹೊಸ ಗ್ರಾಹಕರ ಸೇರ್ಪಡೆ ಎಂಬ ಕ್ರಮ

ಬ್ಯಾಂಕು, ವಿಮಾ ಸಂಸ್ಥೆ, ದೂರವಾಣಿ ಸಂಸ್ಥೆ ಮುಂತಾದವುಗಳಿಗೂ ಇದೇ ಸಮಸ್ಯೆ ಎದುರಾಗಿತ್ತು. ಹೊಸ ಗ್ರಾಹಕನೊಬ್ಬನು ಬಂದಾಗ ಏಳೆಂಟು ಜನರು ಏಳೆಂಟು ಕೆಲಸ ಮಾಡಬೇಕಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದರೂ ಗ್ರಾಹಕನು ಮಾತ್ರ ಬಾಗಿಲಲ್ಲಿ ಕಾಯುತ್ತಿರುತ್ತಾನೆ. ಏಕೆಂದರೆ ಒಬ್ಬರ ಕೆಲಸ ಮುಗಿದ ಸಂಗತಿ ಮುಂದಿನವರಿಗೆ ತಿಳಿದೇ ಇರುವುದಿಲ್ಲ. ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಆಗಬೇಕಾದ ಕೆಲಸಗಳ ಮಾದರಿ ಪಟ್ಟಿಯೊಂದನ್ನು ಒಮ್ಮೆ ಸಿದ್ಧಪಡಿಸಿ, ಪ್ರತಿ ಹೊಸ ಗ್ರಾಹಕನ ಹೆಸರಿನಲ್ಲಿ ಅದರ ಒಂದು ಪ್ರತಿಯನ್ನು ತೆರೆಯುವುದು. ಪ್ರತಿ ಕೆಲಸದ ಮುಂದೆ ಹೊಣೆಗಾರರ ಹೆಸರು, ಗಡುವು ಮತ್ತು ಸ್ಥಿತಿಯನ್ನು ಬರೆಯುವುದು.

ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೊ ಎಂಬ ಎಂಜಿನಿಯರರು ಕೆಲಸದ ಚೀಟಿಗಳನ್ನು ಬಳಸಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಸೂಚನೆ ಸಾಗಿಸುವ ‘ಕಾನ್‌ಬಾನ್’ ಪದ್ಧತಿಯನ್ನು ರೂಪಿಸಿದರು. ಜಪಾನೀ ಭಾಷೆಯಲ್ಲಿ ಆ ಪದಕ್ಕೆ ಸೂಚನಾ ಫಲಕವೆಂದು ಅರ್ಥ. ಇಂದು ಟ್ರೆಲ್ಲೊ, ಜಿರಾ ಮುಂತಾದ ಯೋಜನಾ ನಿರ್ವಹಣಾ ತಂತ್ರಾಂಶಗಳಲ್ಲಿ ಕಾಣುವ ಅಂಕಣಗಳು ಆ ಫಲಕದ ವಂಶದವು. ‘ಆಗಬೇಕು’, ‘ನಡೆಯುತ್ತಿದೆ’, ‘ಮುಗಿದಿದೆ’ ಎಂಬ ಅಂಕಣಗಳ ನಡುವೆ ಚೀಟಿಗಳು ಎಡದಿಂದ ಬಲಕ್ಕೆ ಸರಿಯುತ್ತವೆ. ಸರಿಯದೆ ನಿಂತ ಚೀಟಿ ನೋಡಿದವರ ಕಣ್ಣಿಗೆ ತಾನಾಗಿ ಬೀಳುತ್ತದೆ.

ನಳ ಸಂಪರ್ಕದ ಹತ್ತು ಕೆಲಸಗಳು

ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಹೊಸ ಸಂಪರ್ಕವೊಂದನ್ನು ಈ ಕೆಳಗಿನ ಹತ್ತು ಕೆಲಸಗಳಾಗಿ ಬಿಡಿಸಬಹುದು.

1. ಅರ್ಜಿ ಸ್ವೀಕಾರ. ಬಾಪೂಜಿ ಸೇವಾ ಕೇಂದ್ರದಲ್ಲಿ ಅರ್ಜಿಯನ್ನು ಪಡೆದು, ಸಂಖ್ಯೆ ಹಾಗೂ ದಿನಾಂಕವುಳ್ಳ ಸ್ವೀಕೃತಿಯನ್ನು ಅರ್ಜಿದಾರರ ಕೈಗೆ ಕೊಡುವುದು. ಹೊಣೆ: ಡಾಟಾ ಎಂಟ್ರಿ ಆಪರೇಟರ್.

2. ಆಸ್ತಿ ಸಂಖ್ಯೆಯ ತಾಳೆ. ಮನೆಯು ತೆರಿಗೆ ವಹಿಯಲ್ಲಿ ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡುವುದು. ದಾಖಲೆಯ ಕೊರತೆಯಿದ್ದರೆ ಯಾವ ದಾಖಲೆ ಬೇಕೆಂದು ಲಿಖಿತವಾಗಿ ತಿಳಿಸುವುದು. ಹೊಣೆ: ಕರವಸೂಲಿಗಾರ.

3. ಸ್ಥಳ ಪರಿಶೀಲನೆ. ಮುಖ್ಯ ಕೊಳವೆಯಿಂದ ಮನೆಗಿರುವ ದೂರ, ನೆಲದ ಏರಿಳಿತ, ದಾಟಬೇಕಾದ ರಸ್ತೆ ಇವುಗಳನ್ನು ಗುರುತಿಸುವುದು. ಲೋಕೋಪಯೋಗಿ ಇಲಾಖೆಯ ರಸ್ತೆಯನ್ನು ಅಗೆಯಬೇಕಾದರೆ ಆ ಇಲಾಖೆಯ ಅನುಮತಿಯ ಪತ್ರ ಇದೇ ಹಂತದಲ್ಲಿ ಹೊರಡಬೇಕು. ಹೊಣೆ: ನೀರುಗಂಟಿ.

4. ಶುಲ್ಕ ಮತ್ತು ರಸೀದಿ. ಪಂಚಾಯಿತಿಯು ನಿಗದಿಪಡಿಸಿದ ಶುಲ್ಕವನ್ನು ಪಡೆದು ಅಂದೇ ರಸೀದಿ ಕೊಡುವುದು. ಹೊಣೆ: ಕರವಸೂಲಿಗಾರ.

5. ಅಗೆತ ಮತ್ತು ಜೋಡಣೆ. ಪೈಪು, ನಲ್ಲಿ, ಮೀಟರು ಅಳವಡಿಸಿ, ಅಗೆದ ಗುಂಡಿಯನ್ನು ಮುಚ್ಚಿ ರಸ್ತೆಯನ್ನು ಮೊದಲಿನ ಸ್ಥಿತಿಗೆ ತರುವುದು. ಹೊಣೆ: ಕೆಲಸ ವಹಿಸಿಕೊಂಡ ಪ್ಲಂಬರ್.

6. ಹರಿವಿನ ಪರೀಕ್ಷೆ. ನೀರು ಬಿಡುವ ವೇಳೆಯಲ್ಲಿಯೇ ಹೋಗಿ ನಲ್ಲಿಯಿಂದ ಬಕೆಟ್ ತುಂಬುವ ಕಾಲವನ್ನು ಅಳೆಯುವುದು. ಹೊಣೆ: ನೀರುಗಂಟಿ.

7. ಗುಣಮಟ್ಟದ ಪರೀಕ್ಷೆ. ಮಿಷನ್ನಿನ ಮಾರ್ಗಸೂಚಿಯಂತೆ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಬೇಕಾಗಿದೆ. ಅವರಿಂದ ನಲ್ಲಿಯ ನೀರನ್ನು ಪರೀಕ್ಷಿಸಿ ಬರೆದಿಡುವುದು. ಕ್ಲೋರಿನ್ ಹಾಕಿದ ನೀರಾದರೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು.

8. ಮನೆಯವರಿಗೆ ತಿಳಿವಳಿಕೆ. ನೀರು ಬಿಡುವ ವೇಳೆ, ನೀರಿನ ಕಂದಾಯದ ದರ, ನೇರವಾಗಿ ಮೋಟಾರು ಹಚ್ಚಬಾರದೆಂಬ ನಿಯಮ, ದೂರು ಕೊಡಬೇಕಾದ ಸಂಖ್ಯೆ ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ಓದಿ ಹೇಳುವುದು. ಹೊಣೆ: ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಒಬ್ಬ ಸದಸ್ಯೆ.

9. ಬೇಡಿಕೆ ನಮೂದು ಮತ್ತು ಮೊದಲ ಬಿಲ್ಲು. ಪಂಚತಂತ್ರ ತಂತ್ರಾಂಶದಲ್ಲಿ ಸಂಪರ್ಕವನ್ನು ನಮೂದಿಸಿ ಬಿಲ್ಲು ನೀಡುವುದು. ಕಂದಾಯವು ನೀರು ಹರಿದ ದಿನದಿಂದ ಆರಂಭವಾಗಬೇಕೇ ಹೊರತು ಪೈಪು ಹಾಕಿದ ದಿನದಿಂದ ಅಲ್ಲ. ಹೊಣೆ: ಡಾಟಾ ಎಂಟ್ರಿ ಆಪರೇಟರ್.

10. ಬೇಸಿಗೆಯ ಮರುಪರೀಕ್ಷೆ. ಮುಂದಿನ ಮಾರ್ಚ್ ಅಥವಾ ಏಪ್ರಿಲ್ ತಿಂಗಳಿನಲ್ಲಿ ಆರನೆಯ ಕೆಲಸವನ್ನು ಪುನಃ ಮಾಡುವುದು. ಹೊಣೆ: ನೀರುಗಂಟಿ.

ಪ್ರತಿ ಕೆಲಸಕ್ಕೂ ನಾಲ್ಕು ಸಂಗತಿಗಳು ಬರಹದಲ್ಲಿರಬೇಕು: ಯಾರು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು, ಅದಕ್ಕೆ ಮುನ್ನ ಯಾವುದು ಮುಗಿದಿರಬೇಕು, ಮುಗಿದುದಕ್ಕೆ ಪುರಾವೆ ಏನು. ‘ಯಾರು’ ಎಂಬಲ್ಲಿ ಒಂದೇ ಹೆಸರಿರಬೇಕು. ‘ಸಿಬ್ಬಂದಿ’ ಎಂದು ಬರೆದರೆ ಯಾರೂ ಇಲ್ಲವೆಂದೇ ಅರ್ಥ. ನೀರುಗಂಟಿಯು ರಜೆಯಲ್ಲಿದ್ದರೆ ಆ ಅವಧಿಗೆ ಬದಲಿ ಹೆಸರನ್ನು ಅಭಿವೃದ್ಧಿ ಅಧಿಕಾರಿಗಳು ಅಲ್ಲಿಯೇ ತಿದ್ದಿ ಬರೆಯಬೇಕು.

ಎಲ್ಲ ಕೆಲಸಗಳೂ ಒಂದರ ಹಿಂದೆ ಒಂದು ಬರಬೇಕಾಗಿಲ್ಲ ಎಂಬುದನ್ನೂ ಗಮನಿಸಬೇಕು. ಆಸ್ತಿ ಸಂಖ್ಯೆಯ ತಾಳೆ ಮತ್ತು ಸ್ಥಳ ಪರಿಶೀಲನೆ ಒಂದೇ ವಾರದಲ್ಲಿ ಜೊತೆಯಾಗಿ ನಡೆಯಬಹುದು. ಶುಲ್ಕ ಪಡೆಯುವ ಮುನ್ನ ಮಾತ್ರ ಸ್ಥಳ ಪರಿಶೀಲನೆ ಮುಗಿದಿರಲೇಬೇಕು. ನೀರು ಏರದ ಜಾಗಕ್ಕೆ ಶುಲ್ಕ ಕಟ್ಟಿಸಿಕೊಂಡರೆ ಹಣವೂ ನಂಬಿಕೆಯೂ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ.

ಎರಡು ತಾಲ್ಲೂಕು, ಎರಡು ಬಗೆಯ ನೆಲ

ಮಾದರಿ ಪಟ್ಟಿ ಒಂದೇ ಆದರೂ ಗಡುವುಗಳು ಎಲ್ಲೆಡೆ ಒಂದೇ ಆಗಲಾರವು. ಶಿಕಾರಿಪುರದ ಬಯಲು ಭಾಗದ ಊರುಗಳಲ್ಲಿ ಮನೆಗಳು ಕೇರಿಕೇರಿಯಾಗಿ ಒತ್ತಿಕೊಂಡಿರುತ್ತವೆ. ಬೀದಿಯ ಕೊಳವೆಯಿಂದ ಬಾಗಿಲಿಗೆ ಹತ್ತಾರು ಅಡಿಗಳ ಮಾತು. ಅಲ್ಲಿ ಅಗೆತ ಸುಲಭ, ಕಾಂಕ್ರೀಟ್ ರಸ್ತೆಯನ್ನು ಒಡೆದು ಮುಚ್ಚುವುದೇ ಕಷ್ಟ. ಸೊರಬದ ಮಲೆನಾಡಿನ ಸೆರಗಿನಲ್ಲಿ ಅಡಿಕೆ ತೋಟದ ನಡುವೆ, ಬೆಟ್ಟದ ಬದಿಯಲ್ಲಿ ಒಂಟಿ ಮನೆಗಳಿರುತ್ತವೆ. ಒಂದು ಮನೆಗಾಗಿ ಉದ್ದನೆಯ ಪೈಪು ಸಾಗಬೇಕಾಗುತ್ತದೆ, ಕೆಲವೊಮ್ಮೆ ಇನ್ನೊಬ್ಬರ ತೋಟದ ಅಂಚಿನಲ್ಲಿ ಸಾಗಬೇಕಾಗುತ್ತದೆ. ಆ ತೋಟದವರ ಒಪ್ಪಿಗೆ ಪತ್ರವು ಅಂತಹ ಮನೆಗೆ ಹನ್ನೊಂದನೆಯ ಕೆಲಸವಾಗಿ ಪಟ್ಟಿಗೆ ಸೇರಬೇಕು.

ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಡಿಮಳೆಯಲ್ಲಿ ಅಗೆದ ಗುಂಡಿ ಕುಸಿಯುತ್ತದೆ, ಮುಚ್ಚಿದ ಮಣ್ಣು ಕೊಚ್ಚಿಹೋಗುತ್ತದೆ. ಜೂನ್ ತಿಂಗಳಿನಲ್ಲಿ ಬಂದ ಅರ್ಜಿಗೆ ಒಂದು ತಿಂಗಳ ಗಡುವು ಬರೆದು ಅದನ್ನು ಮೀರುವುದಕ್ಕಿಂತ, ಕಾಗದದ ಕೆಲಸಗಳನ್ನು ಮಳೆಯಲ್ಲಿಯೇ ಮುಗಿಸಿ, ಅಗೆತಕ್ಕೆ ಮಳೆ ಬಿಡುವು ಕೊಡುವ ದಿನವನ್ನು ನಿಗದಿಪಡಿಸಿ ಅರ್ಜಿದಾರರಿಗೆ ತಿಳಿಸುವುದು ಪ್ರಾಮಾಣಿಕವಾದ ಕ್ರಮ.

ಪಟ್ಟಿಯ ಹತ್ತನೆಯ ಕೆಲಸಕ್ಕೆ ಕಾರಣವೂ ಇದೇ. ಆಗಸ್ಟ್ ತಿಂಗಳಿನಲ್ಲಿ ಕೆರೆ ತುಂಬಿ ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬಂದಿರುವಾಗ ಯಾವ ನಲ್ಲಿಯಲ್ಲಿಯೂ ನೀರು ಹರಿಯುತ್ತದೆ. ಏಪ್ರಿಲಿನಲ್ಲಿ ದಿಣ್ಣೆಯ ಮೇಲಿನ ಕೊನೆಯ ಮನೆಗೆ ಅದು ತಲುಪುವುದೇ ಎಂಬುದೇ ನಿಜವಾದ ಪರೀಕ್ಷೆ. ಐವರಿರುವ ಕುಟುಂಬಕ್ಕೆ ದಿನಕ್ಕೆ 55 ಲೀಟರಿನಂತೆ 275 ಲೀಟರ್ ಬೇಕು. 15 ಲೀಟರಿನ ಬಕೆಟ್ 2 ನಿಮಿಷದಲ್ಲಿ ತುಂಬಿದರೆ ಸುಮಾರು 37 ನಿಮಿಷಗಳಲ್ಲಿ ಅಷ್ಟು ನೀರು ದೊರೆಯುತ್ತದೆ. ಅದೇ ಬಕೆಟಿಗೆ 5 ನಿಮಿಷ ಬೇಕಾಗಿ, ದಿನಕ್ಕೆ ಒಂದೇ ಗಂಟೆ ನೀರು ಬಿಡುತ್ತಿದ್ದರೆ, ಆ ಮನೆಗೆ ಸಿಗುವುದು 180 ಲೀಟರ್ ಮಾತ್ರ. ಗಡಿಯಾರ ಮತ್ತು ಬಕೆಟ್ ಇದ್ದರೆ ಯಾವ ಸದಸ್ಯರಾದರೂ ಇದನ್ನು ಅಳೆಯಬಹುದು.

ಇನ್ನೊಂದು ಸಂಗತಿ ವಲಸೆ ಹೋಗುವ ಕುಟುಂಬಗಳದು. ಕೂಲಿಗಾಗಿ ಕೆಲವು ತಿಂಗಳು ಊರು ಬಿಡುವ ಮನೆಗಳ ಬಾಗಿಲಿಗೆ ಪರಿಶೀಲನೆಯ ದಿನ ಬೀಗವಿರುತ್ತದೆ. ‘ಬೀಗ ಹಾಕಿದೆ’ ಎಂದು ಬರೆದಾಗ ಮರಳಿ ಹೋಗುವ ದಿನಾಂಕವನ್ನೂ ಬರೆಯಬೇಕು. ಆ ದಿನಾಂಕವಿಲ್ಲದಿದ್ದರೆ ಅರ್ಜಿಯು ತಿರಸ್ಕೃತವಾಗದೆಯೂ ಸತ್ತಂತಾಗುತ್ತದೆ.

‘ಮುಗಿದಿದೆ’ ಎಂಬ ಗುರುತಿನ ಅಪಾಯ

ತಂತ್ರಾಂಶಕ್ಕೆ ಬೀದಿ ಕಾಣುವುದಿಲ್ಲ. ಅದರೊಳಗೆ ಬರೆದದ್ದನ್ನು ಮಾತ್ರ ಅದು ತೋರಿಸುತ್ತದೆ. ತಿಂಗಳ ಕೊನೆಯಲ್ಲಿ ಪ್ರಗತಿ ವರದಿ ಕೇಳಿದಾಗ, ಪೈಪು ಹಾಕಿಯಾಗಿದೆ, ನೀರು ನಾಳೆ ಬರುತ್ತದೆ ಎಂಬ ವಿಶ್ವಾಸದಿಂದ ‘ಮುಗಿದಿದೆ’ ಎಂದು ಗುರುತು ಹಾಕುವ ಅವಸರ ಸಹಜ. ಅದರ ಪರಿಣಾಮವನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಊರಿನ ಕೊನೆಯ ಮನೆಯಲ್ಲಿ ಒಬ್ಬ ವಿಧವೆ ಇದ್ದಾರೆ. ಅಂಗಳದಲ್ಲಿ ನಲ್ಲಿ ನಿಂತಿದೆ, ನೀರು ಬಂದಿಲ್ಲ. ದಾಖಲೆಯಲ್ಲಿ ಸಂಪರ್ಕ ಪೂರ್ಣಗೊಂಡಿದೆ. ಅವರು ಹೊಸದಾಗಿ ಅರ್ಜಿ ಕೊಟ್ಟರೆ ಈಗಾಗಲೇ ಸಂಪರ್ಕವಿದೆ ಎಂಬ ಉತ್ತರ ಬರುತ್ತದೆ. ದುರಸ್ತಿಗೆ ಕೇಳಿದರೆ ಒಮ್ಮೆಯೂ ಹರಿಯದ ನಲ್ಲಿಯು ದುರಸ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಇತ್ತ ನೀರಿನ ಕಂದಾಯದ ಬಾಕಿ ತಿಂಗಳಿಂದ ತಿಂಗಳಿಗೆ ಏರುತ್ತದೆ. ಸಂಪರ್ಕವೇ ಇಲ್ಲದ ಮನೆ ಕನಿಷ್ಠ ಪಕ್ಷ ಬಾಕಿ ಪಟ್ಟಿಯಲ್ಲಾದರೂ ಕಾಣುತ್ತದೆ. ತಪ್ಪಾಗಿ ‘ಮುಗಿದಿದೆ’ ಎಂದಾದ ಮನೆ ಎಲ್ಲ ಪಟ್ಟಿಗಳಿಂದಲೂ ಮರೆಯಾಗುತ್ತದೆ. ಕೇಳುವ ಹಕ್ಕನ್ನೇ ಅದು ಕಳೆದುಕೊಳ್ಳುತ್ತದೆ.

ಆದುದರಿಂದ ಎರಡು ನಿಯಮಗಳನ್ನು ಪಾಲಿಸುವುದು ಅಗತ್ಯ. ಮೊದಲನೆಯದು, ಕೆಲಸ ಮಾಡಿದವರೇ ಅಂತಿಮ ಗುರುತನ್ನು ಹಾಕಬಾರದು. ಸಂಪರ್ಕ ಪೂರ್ಣವಾಯಿತೆಂಬ ಗುರುತನ್ನು ಮನೆಯವರ ಸಹಿ ಅಥವಾ ಹೆಬ್ಬೆಟ್ಟು ಬಂದ ಬಳಿಕವೇ, ನೀರು ಸಮಿತಿಯ ಸದಸ್ಯೆಯ ಮಾತಿನ ಮೇಲೆ ಹಾಕಬೇಕು. ಎರಡನೆಯದು, ಹಾಕಿದ ಗುರುತನ್ನು ಹಿಂದಕ್ಕೆ ತೆಗೆಯಲು ದಾರಿಯಿರಬೇಕು. ನೀರು ಬಾರದೆಂದು ದೂರು ಬಂದ ಕೂಡಲೇ ಚೀಟಿಯು ‘ನಡೆಯುತ್ತಿದೆ’ ಎಂಬ ಅಂಕಣಕ್ಕೆ ಮರಳಬೇಕು, ಆ ಅವಧಿಯ ಬಿಲ್ಲಿನ ವಿಷಯವು ಸಭೆಯ ಮುಂದೆ ಬರಬೇಕು. ಹಾಗೆ ಮರಳಿದ ಚೀಟಿಯನ್ನು ಸಿಬ್ಬಂದಿಯ ಅಪರಾಧವೆಂದು ಎಣಿಸಿದರೆ ಮುಂದೆ ಯಾರೂ ಸತ್ಯವನ್ನು ಬರೆಯರು.

ಆರಂಭಿಸುವ ಬಗೆ

ಇದಕ್ಕಾಗಿ ಹೊಸ ತಂತ್ರಾಂಶವನ್ನು ಕೊಳ್ಳಬೇಕಾಗಿಲ್ಲ. ಪಂಚಾಯಿತಿಯ ಗಣಕಯಂತ್ರದಲ್ಲಿರುವ ಕೋಷ್ಟಕ ಹಾಳೆಯೇ ಸಾಕು. ಒಂದು ಅಡ್ಡಸಾಲು ಒಂದು ಮನೆಗೆ, ಒಂದು ಅಂಕಣ ಒಂದು ಕೆಲಸಕ್ಕೆ, ಪ್ರತಿ ಚೌಕದಲ್ಲಿ ಹೆಸರು ಮತ್ತು ದಿನಾಂಕ. ವಿದ್ಯುತ್ತು, ಅಂತರ್ಜಾಲ ಕೈಕೊಡುವ ದಿನಗಳಿಗಾಗಿ ಅದೇ ವಿನ್ಯಾಸದ ವಹಿಯೊಂದು ಇರಲಿ. ಕಚೇರಿಯ ಗೋಡೆಗೆ ಮೂರು ಅಂಕಣಗಳ ಹಲಗೆಯನ್ನು ಹಾಕಿದರೆ ಕಚೇರಿಗೆ ಬಂದವರಿಗೂ ಸ್ಥಿತಿ ತಿಳಿಯುತ್ತದೆ. ಹಲಗೆಯ ಮೇಲೆ ಅರ್ಜಿ ಸಂಖ್ಯೆ ಮಾತ್ರ ಇರಬೇಕು. ಹೆಸರು, ದೂರವಾಣಿ ಸಂಖ್ಯೆ, ಆಧಾರ್ ಸಂಖ್ಯೆ, ಬಾಕಿಯ ಮೊತ್ತ ಇವು ಗೋಡೆಯ ಮೇಲಾಗಲಿ ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಬರಕೂಡದು. ಮೊದಲ ಎರಡು ತಿಂಗಳು ಹೊಸ ಅರ್ಜಿಗಳನ್ನು ಮಾತ್ರ ತೆಗೆದುಕೊಂಡು, ಪದ್ಧತಿ ಕೈಗೆ ಹತ್ತಿದ ನಂತರ ಹಳೆಯ ಬಾಕಿ ಅರ್ಜಿಗಳನ್ನು ಸೇರಿಸುವುದು ಒಳಿತು. ವಾರಕ್ಕೊಮ್ಮೆ ಅಭಿವೃದ್ಧಿ ಅಧಿಕಾರಿಗಳು, ನೀರುಗಂಟಿ, ಕರವಸೂಲಿಗಾರ ಮತ್ತು ಆಪರೇಟರ್ ಹಲಗೆಯ ಮುಂದೆ ಹದಿನೈದು ನಿಮಿಷ ನಿಂತು, ನಿಂತುಹೋದ ಚೀಟಿಗಳನ್ನು ಮಾತ್ರ ಚರ್ಚಿಸಿದರೆ ಸಾಕು.

ಸದಸ್ಯರ ಪಾತ್ರ

ತಮ್ಮ ಕ್ಷೇತ್ರದ ಮನೆಯೊಂದಕ್ಕೆ ಬೇಗ ಸಂಪರ್ಕ ಕೊಡಿಸುವ ಒತ್ತಾಯ ಸದಸ್ಯರ ಮೇಲೆ ಸದಾ ಇರುತ್ತದೆ. ಒಂದು ಚೀಟಿಯನ್ನು ಸಾಲು ಬಿಡಿಸಿ ಮುಂದೆ ತಳ್ಳಿದರೆ ಹಿಂದೆ ಸರಿಯುವುದು ಕೇಳಲು ಬಾಯಿಲ್ಲದವರ ಚೀಟಿ. ಅರ್ಜಿಯ ದಿನಾಂಕದ ಕ್ರಮ ಎಲ್ಲರಿಗೂ ಕಾಣುವಂತಿದ್ದರೆ, ಅಂತಹ ಒತ್ತಾಯಕ್ಕೆ ಉತ್ತರ ಕೊಡುವುದು ಸದಸ್ಯರಿಗೂ ಸುಲಭ. ಪ್ರತಿ ಸಾಮಾನ್ಯ ಸಭೆಯಲ್ಲಿ ಈ ಐದು ಪ್ರಶ್ನೆಗಳನ್ನು ಕೇಳುವುದು ಸೂಕ್ತ:

1. ಹಿಂದಿನ ಸಭೆಯ ನಂತರ ಎಷ್ಟು ಅರ್ಜಿಗಳು ಬಂದಿವೆ, ಎಷ್ಟು ಮನೆಗಳಲ್ಲಿ ನೀರು ಹರಿದಿದೆ?
2. ಅತ್ಯಂತ ಹಳೆಯ ಅರ್ಜಿ ಯಾವುದು? ಅದು ಯಾವ ಕೆಲಸದಲ್ಲಿ, ಯಾರ ಬಳಿ ನಿಂತಿದೆ?
3. ದಾಖಲೆ ಕೊರತೆಯೆಂದು ನಿಲ್ಲಿಸಿದ ಅರ್ಜಿಗಳಲ್ಲಿ ಎಷ್ಟು ಜನರಿಗೆ ಲಿಖಿತ ತಿಳಿವಳಿಕೆ ಹೋಗಿದೆ?
4. ‘ಮುಗಿದಿದೆ’ ಎಂದ ಮನೆಗಳ ಪೈಕಿ ಎಷ್ಟರಲ್ಲಿ ಮನೆಯವರ ಸಹಿಯಿದೆ?
5. ಬೇಸಿಗೆಯ ಮರುಪರೀಕ್ಷೆ ಎಷ್ಟು ಮನೆಗಳಲ್ಲಿ ಬಾಕಿಯಿದೆ?

ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ 10ರಿಂದ 15 ಸದಸ್ಯರಿದ್ದು, ಅವರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಮಿಷನ್ನಿನ ಮಾರ್ಗಸೂಚಿ ಹೇಳುತ್ತದೆ. ಎಲ್ಲ ಮನೆಗಳಿಗೂ ನೀರು ದೊರೆತಿದೆ ಎಂಬ ‘ಹರ್ ಘರ್ ಜಲ್’ ದೃಢೀಕರಣಕ್ಕೆ ಗ್ರಾಮಸಭೆಯ ನಿರ್ಣಯವೇ ಆಧಾರ. ಆ ನಿರ್ಣಯಕ್ಕೆ ಕೈ ಎತ್ತುವ ಮುನ್ನ ಈ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ನೀರು ಬಾರದ ಮನೆಯವರು ಎದ್ದು ನಿಂತು ಹೇಳಲು ಅದೇ ಸಮಯ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಕದಂಬರ ಸ್ತಂಭಶಾಸನವಿದೆ. ಅಲ್ಲಿನ ಶಿವಾಲಯದ ಬಳಿ ಕೆರೆಯನ್ನು ಕಟ್ಟಿಸಿದವನು ಕಾಕುಸ್ಥವರ್ಮನೆಂದೂ, ಶಾಸನ ಹಾಕಿಸಿದವನು ಶಾಂತಿವರ್ಮನೆಂದೂ, ಅದನ್ನು ರಚಿಸಿದ ಕವಿ ಕುಬ್ಜನೆಂದೂ ಅದರಿಂದ ತಿಳಿಯುತ್ತದೆ. ನೀರಿನ ಕೆಲಸವೊಂದರಲ್ಲಿ ಯಾರು ಏನು ಮಾಡಿದರು ಎಂಬುದನ್ನು ಹೆಸರು ಹಿಡಿದು ಬರೆದಿಡುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಕಲ್ಲಿನ ಬದಲು ಕೋಷ್ಟಕ ಹಾಳೆ ಬಂದಿದೆ, ರಾಜರ ಜಾಗದಲ್ಲಿ ನೀರುಗಂಟಿಯ ಮತ್ತು ಕರವಸೂಲಿಗಾರರ ಹೆಸರು ಬರುತ್ತದೆ.

ಎರಡೂ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಮುಂದಿನ ಸಾಮಾನ್ಯ ಸಭೆಯಲ್ಲಿ ಮೇಲಿನ ಹತ್ತು ಕೆಲಸಗಳ ಪಟ್ಟಿಯನ್ನು ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಂಡು, ಹೊಣೆಗಾರರ ಹೆಸರು ಮತ್ತು ಗಡುವುಗಳೊಡನೆ ಅಂಗೀಕರಿಸಬೇಕೆಂದು ಕೋರಲಾಗಿದೆ. ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಕ್ಷೇತ್ರದಲ್ಲಿ ‘ಮುಗಿದಿದೆ’ ಎಂದು ದಾಖಲಾಗಿರುವ ಐದು ಮನೆಗಳಿಗೆ ನೀರು ಬಿಡುವ ವೇಳೆಯಲ್ಲಿ ಹೋಗಿ, ನಲ್ಲಿ ತಿರುಗಿಸಿ ನೋಡಿ ಬರುವುದು. ಕೊಳವೆಯ ಸಾಲಿನ ಕೊನೆಯ ಮನೆ ಆ ಐದರಲ್ಲಿ ಒಂದಾಗಿರಲಿ.